ಕೈ ಬೆಚ್ಚಗಾದ್ಮೇಲೆ ಬಾ

ಹರಿಹರ
24 ನವೆಂಬರ್ 2025, ಸೋಮವಾರ

ಅಪ್ಪ,

ಇವತ್ತು ಲ್ಯಾಬಿಗೆ ರಕ್ತ ತೆಗೆಯಾಕೆ ಹೋದ ಮೊದಲ್ನೇ ಎರಡೂ ಮನೇಲಿ ಬೈಸ್ಕಂಡೆ. ಇನ್ನೂ ಬೆಳಗ್ಗೆ ಆರೂವರೆ ಆಗಿರ್ಲಿಲ್ಲ. ಮೊದಲ್ನೇ ಮನೆ ಅಜ್ಜಿ ನಾನು ತೋಳು ಮುಟ್ಟಿದ ಕೂಡ್ಲೆ ಎಳ್ಕಂಡು, "ಏನವ್ವ ನಿನ್ ಕೈ, ಬಾವಿಯಿಂದ ಎದ್ದು ಬಂದೀಯೇನು" ಅಂತು. ಎರಡನೇದು ಮೈಲಾರಲಿಂಗಪ್ಪನೋರ ಮನೆ. ಹೊಳೆ ಆಚೆ ಫ್ಯಾಕ್ಟ್ರೀಲಿ ದುಡ್ದು ರಿಟೈರಾದೋರು, ರಕ್ತ ಕೊಟ್ಟೂ ಕೊಟ್ಟೂ ಅವ್ರಿಗೆ ರೂಢಿ ಆಗೈತೆ. ಆದ್ರೆ ನಂಗೆ ನರ ಸಿಗ್ಲಿಲ್ಲ. ನರ ಅನ್ನೋದು ಕಣ್ಣಾಗೆ ಹುಡುಕೋದಲ್ಲ ಅಪ್ಪ, ಬೆರಳಾಗೆ ಹುಡುಕೋದು. ಚರ್ಮದ ಕೆಳಗೆ ಮೆತ್ತಗೆ ಪುಟಿಯುತ್ತಲ್ಲ, ಅದು ಬೆರಳಿಗೆ ಗೊತ್ತಾಗ್ಬೇಕು. ನನ್ನ ಬೆರಳು ಕಟ್ಟಿಗೆ ಆಗಿದ್ವು. ಎರಡು ಸಲ ಚುಚ್ಚಿದೆ. ಅವರ ಸೊಸೆ ಸುಧಾ ಅಂದ್ಲು: "ಕಲೀತಿದ್ದೀರಾ?"

ನಾಲ್ಕು ವರ್ಷ ಆತು ಕಲ್ತು.

ಎಲ್ಲ ಆ ಸೈಕಲ್ಲಿಂದ. ಲ್ಯಾಬಿನ ಸ್ಕೂಟಿ ಲೈಸೆನ್ಸ್ ಇದ್ದೋರಿಗೆ ಮಾತ್ರ ಅಂತೆ, ನಂಗೆ ಸೈಕಲ್ಲು. ನಮ್ ಸೂಪರ್‌ವೈಸರ್ ಪರಶುರಾಮ್ ಏನಂತಾನೆ ಗೊತ್ತಾ, "ಸೈಕಲ್ ತುಳಿದ್ರೆ ಮೈ ಬಿಸಿ ಆಗುತ್ತೆ ಮೇಡಂ." ಮೈ ಬಿಸಿ ಆಗುತ್ತೆ, ಬೆವರೂ ಬರುತ್ತೆ. ಕೈ ಮಾತ್ರ ಹ್ಯಾಂಡಲ್ ಮ್ಯಾಗೆ ಹಂಗೇ ಇರ್ತಾವಲ್ಲ, ಎದುರುಗಾಳಿ ಪೂರಾ ಅವೇ ತಿಂತಾವೆ. ಹೊಳೆ ಸೇತುವೆ ಮ್ಯಾಗೆ ಬಂದ್ರೆ ಮಂಜು ಮುಖಕ್ಕೆ ಒದ್ದೆ ಬಟ್ಟೆ ಎಸ್ದಂಗೆ ಬರುತ್ತೆ. ದಾವಣಗೆರೇಲಿ ನಿಜಲಿಂಗಪ್ಪ ಬಡಾವಣೆ ರೂಟ್ ಮಾಡುವಾಗ ನಡ್ಕಂಡು ಓಡಾಡ್ತಿದ್ದೆ, ಕೈ ಜೇಬಿನಾಗೆ ಇರ್ತಿದ್ವು. ಇಲ್ಲಿ ಅಶೋಕ ರೋಡಿಂದ ತಂದ ಉಲ್ಲನ್ ಗ್ಲೌಸು ಹಾಕ್ಕಂಡೆ, ಗಾಳಿ ಜರಡಿ ಹಿಡ್ದಂಗೆ ಒಳಗೆ ಬರುತ್ತೆ.

ಇದನ್ನ ರೂಮಿನಾಗೆ ಹೊದ್ದಕಂಡು ಫೋನಿಗೆ ಹೇಳ್ತಿದ್ದೀನಿ, ಅದೇ ಬರ್ಕಳುತ್ತೆ. ನೀನು ಓದ್ಕ. ಮಿಲ್ಲಿನ ಮಗ್ಗಗಳು ನಿನ್ನ ಕಿವಿ ತಿನ್ನದಿದ್ರೆ ಫೋನಾಗೆ ಹತ್ತು ನಿಮಿಷಕ್ಕೆ ಮಾತು ಮುಗೀತಿತ್ತು. ಪಕ್ಕದ ಮಂಚದಾಗೆ ಶಮೀಮ್ "ನಿಮ್ಮಪ್ಪನಿಗೆ ಕಿವುಡು, ನಂಗಲ್ಲ" ಅಂತ ದಿಂಬು ಎಸೀತಾಳೆ.

ಈಗ ಮುಖ್ಯ ಮಾತು. ರಾತ್ರಿ ನಾಲ್ಕು ಸಲ ಏಳ್ತೀಯ, ಒಂದು ತಂಬಿಗೆ ನೀರು ಸಾಲಲ್ಲ ಅಂತ ಅವ್ವ ಹೇಳಿದ್ಲು. ದೀಪಾವಳಿಗೆ ನಾನು ಬಂದಾಗ ಸೂಜಿ ತೆಗೆಯೋದ್ರಾಗೆ ನೀನು ಗದ್ದೆಗೆ ಹೋದೆ. ಊರೋರ ಸಕ್ಕರೆ ಎಲ್ಲ ನಾನು ನೋಡೋದು, ನಮ್ಮಪ್ಪಂದು ಯಾರು ನೋಡ್ಬೇಕು? ಬರೋ ಭಾನುವಾರ ರಜಾ ಹಾಕಿ ಕುಕ್ಕುವಾಡಕ್ಕೆ ಬರ್ತೀನಿ. ಬರೀ ಹೊಟ್ಟೇಲಿ ಇರು.

ನಯನಾ

*

ಕುಕ್ಕುವಾಡ
27-11-2025

ಚಿ. ನಯನಾಗೆ ಆಶೀರ್ವಾದ.

ನಿನ್ನ ಕಾಗದ ಓದಿದೆ. ಕಾಗದ ಅಲ್ಲ, ಏನೋ ಒಂದು. ನಾನು ಹಾಳೆ ಮೇಲೆ ಬರ್ದು ಕೊಡ್ತೀನಿ, ನಿಮ್ಮವ್ವ ಫೋಟೋ ಹೊಡ್ದು ಕಳಿಸ್ತಾಳೆ.

ಭಾನುವಾರ ಬರಬ್ಯಾಡ. ಭತ್ತದ ಕೊಯ್ಲು ಮಿಷಿನ್ ಬರೋದೈತೆ. ಮತ್ತೆ ಆ ಅಜ್ಜಿ ಹೇಳಿದ್ದು ಸರಿ ಐತೆ. ಅಂಥ ಕೈಯಾಗೆ ನನ್ನ ತೋಳು ಮುಟ್ಟಕ್ಕೆ ನಾನೂ ಬಿಡಲ್ಲ. ಮೊದ್ಲು ಕೈ ಬೆಚ್ಚಗೆ ಮಾಡ್ಕ. ಕೈ ಬೆಚ್ಚಗಾದ್ಮೇಲೆ ಬಾ, ಎಷ್ಟು ಬೇಕೋ ಅಷ್ಟು ರಕ್ತ ತಗ. ಇದು ನನ್ನ ಮಾತು.

ಹೆಂಗೆ ಮಾಡ್ಕಬೇಕು ಅಂದ್ರೆ ಕೇಳು. ನಾನು ಮಿಲ್ಲಿಗೆ ಹತ್ತೊಂಬತ್ತು ವರ್ಷ ಸೈಕಲ್ ತುಳ್ದೀನಿ, ಬೆಳಗಿನ ಪಾಳಿ. ಮಗ್ಗದಾಗೆ ನೂಲು ಹರಿದ್ರೆ ಎರಡು ಬೆರಳಾಗೆ ಗಂಟು ಹಾಕ್ಬೇಕು. ಚಳಿಗೆ ಕೈ ಸೆಡ್ತು ಬಂದೋನು ಗಂಟು ಹಾಕೋದ್ರಾಗೆ ಬಟ್ಟೆ ಕೆಡ್ತಿತ್ತು, ಮೇಸ್ತ್ರಿ ಹಿಂದೆ ನಿಂತಿರ್ತಿದ್ದ. ಅದಕ್ಕೆ ನಾವೇನು ಮಾಡ್ತಿದ್ವಿ ಅಂದ್ರೆ, ಒಂದು, ಹಳೇ ಪೇಪರ್ ನಾಕು ಮಡಿಕೆ ಮಾಡಿ ಅಂಗಿ ಒಳಗೆ ಎದೆಗೆ ಇಟ್ಕಬೇಕು. ಎದೆಗೆ ಗಾಳಿ ಹೊಡೀತಿದ್ರೆ ಮೈಯಾಗಿನ ಬಿಸಿಯೆಲ್ಲ ಅಲ್ಲಿಗೇ ಓಡುತ್ತೆ, ಕೈಗೆ ಏನೂ ಉಳಿಯಲ್ಲ. ಎರಡನೇದು, ಹರಳೆಣ್ಣೆ. ಹೊರಡೋ ಮುಂಚೆ ಅಂಗೈ ಹಿಂಗೈ ಎರಡಕ್ಕೂ ತಿಕ್ಕಿ, ಮ್ಯಾಗೆ ಗ್ಲೌಸು ಹಾಕ್ಕ. ನಿಮ್ಮ ಲ್ಯಾಬಿನೋರಿಗೆ ಇದೆಲ್ಲ ಗೊತ್ತಿರಲ್ಲ.

ಎರಡು ವರ್ಷಕ್ಕೆ ಮೂರು ಊರು ಬದಲಾಯ್ಸೀಯ. ಮುಂದಿನ ಸಲ ಬಿಸಿಲಿರೋ ಊರು ನೋಡ್ಕ.

ಇಂತಿ,
ಮುರುಗೇಶಪ್ಪ

(ನಾನು ಅವ್ವ. ಅವರು ನೋಡದಂಗೆ ಕೆಳಗೆ ಬರೀತಿದ್ದೀನಿ. ಮೊನ್ನೆ ನಿಮ್ಮಪ್ಪ ಗದ್ದೆ ನೀರಿನ ಚಾನಲ್ ಏರಿ ಮೇಲಿಂದ ಒಂದೇ ಕಾಲಿಗೆ ಚಪ್ಲಿ ಹಾಕ್ಕಂಡು ಮನೆಗೆ ಬಂದ್ರು. ಇನ್ನೊಂದು ಎಲ್ಲಿ ಅಂದ್ರೆ ಕಾಲು ನೋಡ್ಕಂತಾರೆ. ಪಕ್ಕದ ಮನೆ ಕೆಂಚಕ್ಕ ನಕ್ಕೂ ನಕ್ಕೂ ಸಾಕಾದ್ಲು. ಇನ್ಮೇಲೆ ಏನನ್ನೂ ನಾನು ಹೇಳಿದ್ದು ಅಂತ ಬರೀಬ್ಯಾಡ, ನನ್ನ ಮ್ಯಾಗೆ ಬರ್ತಾರೆ. — ಕಸ್ತೂರಮ್ಮ)

*

ಹರಿಹರ
3 ಡಿಸೆಂಬರ್, ಬುಧವಾರ

ಅಪ್ಪ,

ನಿನ್ನ ಹರಳೆಣ್ಣೆಗೆ ಕೈ ಮುಗೀತೀನಿ.

ಬೆಚ್ಚಗಾತು, ಸುಳ್ಳು ಹೇಳಲ್ಲ. ಮೈಲಾರಲಿಂಗಪ್ಪನೋರ ಮನೆ ತನಕ ಕೈ ಕೈಯಂಗೇ ಇದ್ವು. ಒಳಗೋಗಿ, ರೋಗಿ ಮುಟ್ಟುವಾಗ ಹಾಕ್ಕಳೋ ತೆಳು ರಬ್ಬರ್ ಗ್ಲೌಸು ಐತಲ್ಲ, ಅದನ್ನ ಎಣ್ಣೆ ಕೈ ಮ್ಯಾಗೇ ಹಾಕ್ಕಂಡೆ. ಆ ರಬ್ಬರಿಗೂ ಎಣ್ಣೆಗೂ ಆಗಲ್ಲ ಅಪ್ಪ, ಮೆತ್ತಗಾಗಿ ಹರಿಯುತ್ತೆ. ನಂಗೆ ಗೊತ್ತಿರ್ಬೇಕಿತ್ತು, ಓದಿದ್ದೀನಿ ಅದನ್ನ. ಆದ್ರೆ ಅಪ್ಪ ಹೇಳ್ಯಾನೆ ಅಂದ್ಕಂಡು ತಲೆ ಓಡ್ಲಿಲ್ಲ. ತೋಳಿಗೆ ಪಟ್ಟಿ ಕಟ್ಟಿದ್ದೀನಿ, ನರ ಸಿಕ್ಕೈತೆ, ಸೂಜಿ ಒಳಗೈತೆ, ರಕ್ತ ಬರ್ತೈತೆ, ಆವಾಗ ಹೆಬ್ಬೆರಳ ಹತ್ರ ಪಟ್ ಅಂತ ಹರೀತು. ಸೊಸೆ ಸುಧಾ ನೋಡ್ತಾ ನಿಂತಿದ್ಲು. "ಇದೇನ್ರಿ, ಕೈಯೆಲ್ಲ ತಿಂಡಿ ಕರಿದಂಗೆ ಹೊಳೀತಾವೆ" ಅಂದ್ಲು. ಮಧ್ಯಾಹ್ನದೊಳಗೆ ಪರಶುರಾಮ್‌ಗೆ ಫೋನ್ ಹೋಗೈತೆ. ಅವ್ನು ಎಲ್ಲರ ಮುಂದೆ, "ನಯನಾ ಮೇಡಂ ಸ್ಯಾಂಪಲ್ ಜೊತೆ ಒಗ್ಗರಣೆನೂ ಕಳಿಸ್ತಾರೆ" ಅಂದ.

ಪೇಪರ್ ಮಾತ್ರ ಸರಿ ಹೋತು. ಎದೆಗೆ ಇಟ್ಕಂಡೆ, ನಿಜವಾಗ್ಲೂ ಫರಕ್ ಐತೆ. ಆದ್ರೆ ಬಗ್ಗಿದ್ರೆ ಎದ್ರೆ ಚರ ಚರ ಅನ್ನುತ್ತೆ. ಮೈಲಾರಲಿಂಗಪ್ಪನೋರು, "ಇವತ್ತಿನದಾದ್ರೆ ಓದಿ ಕೊಡ್ತೀನಿ ತೆಗಿಯಮ್ಮ" ಅಂದ್ರು.

ಅಂದ್ರೆ ಅರ್ಧ ಕೆಲ್ಸ ಆಗೈತೆ. ಇನ್ನರ್ಧಕ್ಕೆ ಎಣ್ಣೆ ಬಿಟ್ಟು ಬೇರೆ ಏನಾದ್ರೂ ಹೇಳು. ಇಲ್ಲಾಂದ್ರೆ ಕೈ ತಣ್ಣಗಿದ್ರೂ ಬರ್ತೀನಿ, ಒಂದು ಚುಚ್ಚಿಗೆ ಯಾರೂ ಸತ್ತಿಲ್ಲ. ನೀರು ಎಷ್ಟು ಕುಡೀತಿದ್ದೀಯ ಅಂತ ಬರಿ. ಅವ್ವ ಏನೂ ಹೇಳಿಲ್ಲ, ನಾನೇ ಕೇಳ್ತಿರೋದು.

ಚಪ್ಲಿ ಸಿಕ್ತಾ?

ನಯನಾ

*

ಕುಕ್ಕುವಾಡ
8-12-2025

ಚಿ. ನಯನಾಗೆ,

ತಪ್ಪು ಎಣ್ಣೇದಲ್ಲ, ನಿಮ್ಮ ರಬ್ಬರಿಂದು. ನಾವು ಹತ್ತೊಂಬತ್ತು ವರ್ಷ ಎಣ್ಣೆ ಹಚ್ಚೀವಿ, ಯಾವ ನೂಲೂ ಹರೀಲಿಲ್ಲ.

ಚಪ್ಲಿ ವಿಷ್ಯ ನಿಂಗೆ ಯಾರು ಹೇಳಿದ್ರು ಅಂತ ನಾನು ಕೇಳಲ್ಲ. ಈ ಮನೇಲಿ ನಾನಲ್ದೆ ಇನ್ನೊಬ್ರೇ ಇರೋದು.

ಕೈಗೆ ಏನು ಹಾಕಿದ್ರೂ ಗಾಳಿ ಬರುತ್ತೆ ಅಂದ್ರೆ, ಕೈಗೆ ಹಾಕ್ಬ್ಯಾಡ. ಹ್ಯಾಂಡಲ್ಲಿಗೆ ಹಾಕು. ನನ್ನ ಹಳೇ ಕಂಬ್ಳಿ ಇತ್ತು, ಕುರಿ ಉಣ್ಣೇದು, ಮಳೇಲೂ ನೀರು ಒಳಗೆ ಬಿಡ್ತಿರ್ಲಿಲ್ಲ. ಅದನ್ನ ಕತ್ತರಿಸಿ ಎರಡು ಚೀಲ ಮಾಡ್ಸೀನಿ. ಹ್ಯಾಂಡಲ್ಲಿನ ಎರಡೂ ತುದಿಗೆ ತೊಡಿಸ್ಬೇಕು, ಬ್ರೇಕೂ ಒಳಗೇ ಇರ್ಬೇಕು. ಬಾಯಿ ನಿನ್ನ ಕಡೆ. ಕೈ ಒಳಗೆ ತೂರ್ಸಿ ಬರೀ ಕೈಯಾಗೆ ಹ್ಯಾಂಡಲ್ ಹಿಡ್ಕ. ಬೀಳಂಗಾದ್ರೆ ಕೈ ಹೊರಗೆ ಎಳ್ಕಳಕ್ಕೆ ಬರ್ಬೇಕು, ಅದಕ್ಕೆ ಬಾಯಿ ಅಗಲ ಇಡ್ಸೀನಿ. ನಮ್ಮ ಮಿಲ್ಲಿನಾಗೆ ಒಬ್ಬ ಬಿಗಿ ಹೊಲ್ಸಿದ್ದ, ಹಳೇ ಬಸ್ ಸ್ಟ್ಯಾಂಡ್ ಹತ್ರ ಸೈಕಲ್ ಸಮೇತ ಮಲಗಿದ್ದ, ಜನ ಎಬ್ಬಿಸೋ ತನಕ ಕೈ ಬಿಡ್ಸಿಕಳಕ್ಕೆ ಆಗಿರ್ಲಿಲ್ಲ.

ನಾನೇ ಹೊಲೀಬೇಕು ಅಂತ ಕೂತಿದ್ದೆ. ಬೆಳಕು ಸಾಲ್ಲಿಲ್ಲ, ಸೂಜಿ ಕೈ ಜಾರ್ತಿತ್ತು. ಕೊನೆಗೆ ನಿಮ್ಮವ್ವ ಕಸ್ಕಂಡು ಹೊಲ್ದು ಮುಗ್ಸಿದ್ಲು.

ನಾಳೆ ಬೆಳಗಿನ ಬಸ್ಸಿನ ಡ್ರೈವರ್ ಕೈಯಾಗೆ ಕೊಡ್ತೀನಿ. ದಾವಣಗೆರೆ ಬಸ್ ಸ್ಟ್ಯಾಂಡಾಗೆ ಇಸ್ಕ.

ನೀರು ಎಷ್ಟು ಬೇಕೋ ಅಷ್ಟು ಕುಡೀತೀನಿ. ಬಾವಿ ನಮ್ದೇ ಐತೆ.

ಇಂತಿ,
ಮುರುಗೇಶಪ್ಪ

*

ಹರಿಹರ
15 ಡಿಸೆಂಬರ್, ಸೋಮವಾರ

ಅಪ್ಪ,

ಮಾನ ಹೋತು, ಕೈ ಉಳೀತು.

ಇಲ್ಲಿ ಸೈಕಲ್ ಶಾಪಿನ ರಿಯಾಜ್ ಭಾಯಿ ಹತ್ರ ಹಾಕ್ಸಿದೆ. ತಂತಿ ಸುತ್ತಿ ಬಿಗಿ ಮಾಡಿ, ಎರಡು ಹೆಜ್ಜೆ ಹಿಂದೆ ಹೋಗಿ ನಿಂತ್ಕಂಡು ನೋಡಿದ. "ಏನೂ ಕಮ್ಮಿ ಇಲ್ಲ ಮೇಡಂ, ಕೊರಳಿಗೆ ಒಂದು ಗಂಟೆ ಕಟ್ಟಿದ್ರೆ ಎಮ್ಮೆನೇ" ಅಂದ. ಎರಡೂ ಕಡೆ ಕರೇ ಕಿವಿ ಜೋತಾಡ್ದಂಗೆ ಐತೆ. ಬೆಲ್ ಬ್ಯಾರೆ ಒಳಗೆ ಸೇರ್ಕಂಡೈತೆ, ಹೊಡ್ದ್ರೆ ಯಾರೋ ಚೀಲದಾಗೆ ಕೆಮ್ಮಿದಂಗೆ ಕೇಳುತ್ತೆ. ದೇವಸ್ಥಾನದ ರಸ್ತೇಲಿ ಹೂವಿನೋರು ದಿನಾ "ಬಂತು ನೋಡ್ರೇ" ಅಂತಾರೆ. ಪರಶುರಾಮ್ ಫೋಟೋ ಹೊಡ್ದು ಲ್ಯಾಬಿನ ಗ್ರೂಪಿಗೆ ಹಾಕ್ಯಾನೆ.

ಆದ್ರೆ ಸೇತುವೆ ಮ್ಯಾಗೆ, ಅದೇ ಮಂಜು, ಅದೇ ಗಾಳಿ, ನನ್ನ ಬೆರಳು ಒಳಗೆ ಆರಾಮಾಗಿ ಕೂತಿದ್ವು. ಬರೀ ಕೈ, ಒಣಾ ಕೈ, ಎಣ್ಣೆ ಇಲ್ಲ ಗಿಣ್ಣೆ ಇಲ್ಲ. ಐದು ದಿನದಿಂದ ಎಲ್ಲಾರಿಗೂ ಒಂದೇ ಚುಚ್ಚು. ಇವತ್ತು ಮೈಲಾರಲಿಂಗಪ್ಪನೋರು, "ಚುಚ್ಚಿದ್ಯಾ? ಗೊತ್ತೇ ಆಗ್ಲಿಲ್ಲ" ಅಂದ್ರು. ಸೊಸೆ ಟೀ ಕೊಟ್ಲು. ಆಯಮ್ಮ ಟೀ ಕೊಟ್ಲು ಅಪ್ಪ, ನಂಬ್ತೀಯಾ.

ಎರಡ್ನೇ ದಿನ ಹಳೇ ಕಂಬ್ಳಿ ವಾಸ್ನೆ ಬಂತು. ನಿನ್ನ ಬೀಡಿ, ಗದ್ದೆ ಕೆಸರು, ಎಲ್ಲ. ಇರ್ಲಿ ಬಿಡು ಅದು.

ಈಗ ನಿನ್ನ ಮಾತಿಗೆ ಬಾ. ಕೈ ಬೆಚ್ಚಗಾದ್ಮೇಲೆ ಬಾ ಅಂದೆ. ಬೆಚ್ಚಗಾಗ್ಯಾವೆ. ಇಪ್ಪತ್ತೊಂದನೇ ತಾರೀಕು ಭಾನುವಾರ ರಜಾ ಹಾಕೀನಿ. ಕೊಯ್ಲು ಮುಗ್ದೈತೆ ಅಂತನೂ ಗೊತ್ತು. ಇನ್ನು ನಿನ್ನ ಹತ್ರ ನೆಪ ಇಲ್ಲ.

ನಯನಾ

*

ಕುಕ್ಕುವಾಡ
18-12-2025

ಚಿ. ನಯನಾಗೆ,

ನಾಳೆ ಎಳ್ಳಮಾಸೆ. ಭೂಮ್ತಾಯಿಗೆ ಎಡೆ ಇಟ್ಟು ಚರಗ ಚೆಲ್ಲಾಕೆ ಹೊಲಕ್ಕೆ ಹೋಗ್ಬೇಕು. ಆನಗೋಡಿನ ನಿಮ್ಮತ್ತೆ ಮನೆಯೋರೆಲ್ಲ ಬರ್ತಾರೆ, ಭಾನುವಾರದ ತನಕ ಇರ್ತಾರೆ. ಬಂಧು ಬಳಗದ ಮುಂದೆ ತೋಳು ಚಾಚ್ಕಂಡು ಕೂರಾಕೆ ನಂಗಾಗಲ್ಲ.

ಮತ್ತೆ, ಚೀಲ ಊರೊಳಗೆ ತಿರುಗಾಕೆ ಸಾಕು. ಹರಿಹರದಿಂದ ಇಲ್ಲಿಗೆ ಬರೋದ್ರಾಗೆ ಕೈ ಮತ್ತೆ ಸೆಡೆಯುತ್ತೆ. ಅದಕ್ಕೆ ಇನ್ನೊಂದು ನೋಡ್ತಿದ್ದೀನಿ. ಉಪ್ಪು ಹುರ್ದು ಬಟ್ಟೇಲಿ ಗಂಟು ಕಟ್ಟಿ ಚೀಲದೊಳಗೆ ಇಟ್ರೆ ಎಷ್ಟೊತ್ತು ಕಾವು ನಿಲ್ಲುತ್ತೆ ಅಂತ. ಅದು ಸರಿ ಹೋದ್ಮೇಲೆ ತಿಳಿಸ್ತೀನಿ. ಸಂಕ್ರಾಂತಿ ಆಗ್ಲಿ.

ಇಂತಿ,
ಮುರುಗೇಶಪ್ಪ

(ನಾನು ಕಸ್ತೂರಮ್ಮ. ಬರೀಬ್ಯಾಡ ಅಂದಾರೆ, ಬರೀತೀನಿ. ನಿನ್ನೆ ಸಂಜೆ ಆ ಉಪ್ಪಿನ ಗಂಟು ಕಾವು ಎಷ್ಟೊತ್ತು ಇರುತ್ತೆ ನೋಡ್ತೀನಿ ಅಂತ ಒಲೆ ಮೇಲಿಂದ ತಗಂಡು ಅಂಗೈಯಾಗೆ ಇಟ್ಕಂಡು ಕೂತ್ರು. ಕೆಂಚಕ್ಕನ ಜೊತೆ ಸನ್ನೆ ಮಾಡ್ಕಂಡು ಹರಟೆ. "ಏನಿಲ್ಲ, ಇದ್ರಾಗೆ ಕಾವೇ ಇಲ್ಲ, ಇನ್ನೂ ಹುರಿ" ಅಂದ್ರು. ನಾನು ಮುಟ್ಟಿ ನೋಡಿದ್ರೆ ಬೆಂಕಿ. ಕಸ್ಕಂಡು ಬಿಸಾಕಿದೆ. ಅಂಗೈ ತುಂಬ ಬೊಬ್ಬೆ ಎದ್ದೈತೆ ಮಗಳೇ. ಒಂದ್ಸಲ ಹಾ ಅನ್ನಲಿಲ್ಲ ಆ ಮನುಷ್ಯ.)

*

ಹರಿಹರ
19 ಡಿಸೆಂಬರ್, ಶುಕ್ರವಾರ

ಅಪ್ಪ,

ಅವ್ವನ ಮ್ಯಾಗೆ ಕೂಗಾಡ್ಬ್ಯಾಡ. ಹೇಳಿದ್ಲು, ಒಳ್ಳೇದು ಮಾಡಿದ್ಲು.

ಬೊಬ್ಬೆ ಒಡೀಬ್ಯಾಡ. ಕಾಫಿಪುಡಿ, ಪೇಸ್ಟು, ಎಣ್ಣೆ, ಏನೂ ಹಚ್ಚಬ್ಯಾಡ. ಅದ್ರಾಗೂ ಹರಳೆಣ್ಣೆ. ತಣ್ಣೀರಾಗೆ ತೊಳ್ದು ಒಗ್ದ ಬಟ್ಟೆ ಸುತ್ತು. ಆ ಕೈಯಾಗೆ ಗದ್ದೆ ಕೆಲ್ಸ ಬ್ಯಾಡ.

ಚಪ್ಲಿ ಅಂದಾಗ ನಾನೂ ನಕ್ಕೆ. ಶಮೀಮ್‌ಗೂ ಹೇಳಿ ನಗ್ಸಿದೆ. ದಿನಾ ಇಂಥೋರ್ನ ಹತ್ತು ಜನ ನೋಡ್ತೀನಿ. ಚಪ್ಲಿ ಜಾರಿದ್ದು ಗೊತ್ತಾಗಲ್ಲ, ಕಾಲಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗಲ್ಲ, ಬಿಸಿ ತಣ್ಣಗೆ ಗೊತ್ತಾಗಲ್ಲ. ಸಕ್ಕರೆ ಕಾಯಿಲೆ ಬಹಳ ದಿನ ನೋಡ್ಕಳದೆ ಬಿಟ್ರೆ ಮೊದ್ಲು ಅಂಗಾಲಿನ ನರ ಸಾಯ್ತವೆ, ಆಮೇಲೆ ಬೆರಳು. ಊರೋರ ಮನೇಲಿ ಕೂತು ಇದನ್ನೆಲ್ಲ ಬಾಯಿಪಾಠ ಹೇಳ್ತೀನಿ. ನಮ್ಮ ಮನೆ ಚಪ್ಲಿಗೆ ನಕ್ಕೆ.

ಸೂಜಿ ಜಾರಿದ್ದು ಬೆಳಕು ಸಾಲ್ದೆ ಅಲ್ಲ, ಅಲ್ವಾ?

ಎಷ್ಟು ದಿನದಿಂದ ಹಿಂಗೆ? ಬರಿ. ಸಂಕ್ರಾಂತಿ ತನಕ ಅಲ್ಲ, ನಾಳೆನೇ ಬರಿ.

ನಯನಾ

*

ಹರಿಹರ
21 ಡಿಸೆಂಬರ್, ಭಾನುವಾರ

ಅಪ್ಪ,

ನೀನು ಬರೀಲಿಲ್ಲ. ಅದಕ್ಕೇ ಹೇಳ್ದೆ ಕೇಳ್ದೆ ಬಂದೆ. ಈಗ ವಾಪಸ್ ರೂಮಿಗೆ ಬಂದು ಬಿದ್ದೀನಿ, ಮೊಣಕಾಲು ಮಡಚಕ್ಕೆ ಆಗ್ತಿಲ್ಲ.

ಮೊದಲ್ನೇ ಬಸ್ಸಿಗೆ ಬಂದ್ರೆ ಒಂಬತ್ತೂವರೆ ಆಗುತ್ತೆ, ಅಷ್ಟರಾಗೆ ನೀನು ಟೀ ಕುಡ್ದು ರೊಟ್ಟಿ ತಿಂದು, "ಅಯ್ಯೋ, ಹೊಟ್ಟೆ ತುಂಬೈತಲ್ಲ" ಅಂತೀಯ. ನಂಗೆ ನೀನು ಗೊತ್ತು. ಅದಕ್ಕೆ ನಾಲ್ಕು ಗಂಟೆಗೆ ಸೈಕಲ್ ಹತ್ತಿದೆ. ಮೂವತ್ತೈದು ಕಿಲೋಮೀಟ್ರು. ನೀನು ಹೇಳಿದ್ದು ಖರೆ ಆತು, ಚೀಲ ಅಷ್ಟು ದೂರಕ್ಕೆ ಸಾಲ್ಲಿಲ್ಲ. ಹದಡಿ ದಾಟಿದ್ಮೇಲೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಾಕ್ಕಂಡೆ, ಮಂಜಿಗೆ ಕಂಬ್ಳಿ ಒದ್ದೆ ಆಗಿ ಹಿಂಡಂಗೆ ಆಗಿತ್ತು. ಚಾನಲ್ ಏರಿ ಮೇಲೆ ಬರುವಾಗ ಬ್ರೇಕ್ ಹಿಡಿದೀನೋ ಬಿಟ್ಟೀನೋ ಗೊತ್ತಾಗ್ತಿರ್ಲಿಲ್ಲ. ಆರೂಮುಕ್ಕಾಲಿಗೆ ಅಂಗಳಕ್ಕೆ ಬಂದ್ರೆ ನೀನು ಹಲ್ಲುಜ್ಜುತಾ ನಿಂತಿದ್ದೆ.

ಅತ್ತೆ ಮನೆಯೋರು ಯಾರೂ ಇರ್ಲಿಲ್ಲ. ಶುಕ್ರವಾರ ಸಂಜೇನೇ ಹೋದ್ರಂತೆ. ಆ ಸುಳ್ಳಿಗೆ ಬ್ಯಾರೆ ಬೈತೀನಿ.

ನೀನು ಜಗಳ ಆಡ್ತೀಯ ಅಂದ್ಕಂಡಿದ್ದೆ. ಆಡ್ಲಿಲ್ಲ. ಬಾಯಿ ತೊಳ್ಕಂಡು ಬಂದು ಕಟ್ಟೆ ಮ್ಯಾಗೆ ಕೂತು, ಕೈ ಕೊಡು ಅಂತ ಸನ್ನೆ ಮಾಡ್ದೆ. ಷರತ್ತು ನಿಂದಲ್ವಾ. ಒಲೆ ಮುಂದೆ ಹೋಗಿ ಕಾಸ್ಕಂಡು ಬರ್ತೀನಿ ಅಂದೆ, ನೀನು ತುಟಿ ನೋಡ್ಲಿಲ್ಲ. ನನ್ನ ಎರಡೂ ಕೈ ಹಿಡ್ಕಂಡೆ. ಬಟ್ಟೆ ಸುತ್ತಿದ ಕೈಯಾಗಲ್ಲ, ಇನ್ನೊಂದು ಕೈಯಾಗೆ, ಬೆರಳು ಒಂದೊಂದೇ ಒತ್ತಿ ನೋಡಿದೆ, ಮಿಲ್ಲಿನಾಗೆ ಬಟ್ಟೆ ನೋಡ್ತಿದ್ದೆ ಅಂತೀಯಲ್ಲ, ಹಂಗೆ. ನೋಡಿ, "ಹಾಂ. ಈಗ ಬೆಚ್ಚಗಾಗ್ಯಾವೆ. ತಗ" ಅಂದೆ. ತೋಳು ಚಾಚಿದೆ.

ಹಿಂದ್ಗಡೆಯಿಂದ ಅವ್ವ ಬಂದು ನನ್ನ ಕೈ ಹಿಡ್ಕಂಡೋಳು ಅಲ್ಲೇ ಬಿಟ್ಲು. "ಏನೇ ಇದು, ಮಂಜುಗಡ್ಡೆ" ಅಂದ್ಲು. ನಿಂಗೆ ಕೇಳ್ಸಲಿಲ್ಲ. ಕೇಳ್ಸಲ್ಲ. ನಾವಿಬ್ರೂ ಮುಖ ನೋಡ್ಕಂಡ್ವಿ.

ಮೂರು ಸಲ ಚುಚ್ಚಿದೆ ಅಪ್ಪ. ನಿನ್ನ ನರ ದಪ್ಪಗೆ ಹಗ್ಗದಂಗೆ ಐತೆ, ಕಣ್ಣಿಗೇ ಕಾಣುತ್ತೆ, ನನ್ನ ಕೈಗೆ ಸಿಗ್ಲಿಲ್ಲ. ನೀನು ತೆಂಗಿನ ಗಿಡ ನೋಡ್ತಾ ಕೂತಿದ್ದೆ.

ಒಂದೇ ಪ್ರಶ್ನೆ. ದಾರಿ ಪೂರಾ ಅದೇ ತಲೇಲಿ ಐತೆ. ನನ್ನ ಕೈ ತಣ್ಣಗಿದ್ದಿದ್ದು ನಿಂಗೆ ಗೊತ್ತಾಗಿ, ಅಷ್ಟು ದೂರದಿಂದ ಬಂದೈತೆ ಹುಡುಗಿ ಅಂತ ಹಂಗಂದ್ಯಾ? ಇಲ್ಲ ನಿಜವಾಗ್ಲೂ ಗೊತ್ತಾಗ್ಲಿಲ್ವಾ? ಮೊದಲ್ನೇದಾದ್ರೆ ನಾನು ನಿನ್ನ ಮ್ಯಾಗೆ ರೇಗಾಡಿ ಸುಮ್ನಾಗ್ತೀನಿ. ಖರೆ ಬರಿ.

ನಯನಾ

*

ಕುಕ್ಕುವಾಡ
25-12-2025

ನಯನಾ,

ಗೊತ್ತಾಗ್ಲಿಲ್ಲ.

ಕೇಳಿದೀಯ ಅಂತ ಬರೀತೀನಿ. ಅಂಗಾಲು ಹೋಗಿ ಎರಡು ವರ್ಷದ ಮ್ಯಾಲಾತು. ಗದ್ದೆ ಕೆಸರಾಗೆ ಇಳಿದ್ರೆ ಕೆಸರು ಅಂತ ಕಣ್ಣಿಂದ ತಿಳ್ಕಂತೀನಿ. ಬೆರಳು ಈ ಮುಂಗಾರಿಂದ. ಗುಂಡಿ ಹಾಕ್ಕಳಕ್ಕೆ ಆಗಲ್ಲ, ಅದಕ್ಕೇ ಈಗ ಬನೀನು ಮ್ಯಾಗೆ ಟವೆಲ್ ಹೊದ್ಕಂಡು ಇರ್ತೀನಿ. ನಿಮ್ಮವ್ವ ಸೆಕೆ ಅಂತ ತಿಳ್ಕಂಡಾಳೆ. ಡಿಸೆಂಬರಾಗೆ ಸೆಕೆ.

ಕಾಯಿಲೆ ಅಂತ ನಾನು ತಿಳೀಲಿಲ್ಲ. ಮಿಲ್ಲಿನಾಗೆ ನಮ್ಮ ಜೊತೆ ದುಡ್ದ ಎಲ್ಲಾರಿಗೂ ಕಿವಿ ಹೋಗ್ಯಾವೆ. ಕೈಗೂ ಜೋಮು ಹಿಡೀತಿತ್ತು, ದಿನಪೂರ್ತಿ ಮಗ್ಗ ನಡುಗ್ತಾ ಇದ್ರೆ ಹಿಡೀದೆ ಇರ್ತೈತಾ. ಮಿಲ್ ಜೋಮು ಅಂತಿದ್ವಿ. ಕಿವಿ ಹೋದಂಗೆ ಕೈನೂ ಹೋಗೋದು, ದುಡಿದಿದ್ದಕ್ಕೆ ಹೋಗ್ಯಾವೆ ಅಂತ ಇದ್ದೆ. ಅದಕ್ಕೆ ರಕ್ತ ಯಾಕ ಕೊಡ್ಬೇಕು ಅಂತ. ಜೋಮು ಬಂದಿದ್ದು ಮೇಸ್ತ್ರಿಗೆ ಗೊತ್ತಾದ್ರೆ ಮಗ್ಗದಿಂದ ಇಳ್ಸಿ ಕಸ ಗುಡ್ಸಾಕೆ ಹಾಕ್ತಿದ್ದ. ಅದಕ್ಕೆ ಯಾರೂ ಹೇಳ್ತಿರ್ಲಿಲ್ಲ, ಎಲ್ಲಾರೂ ಮುಚ್ಚಿಟ್ಕಂತಿದ್ವಿ. ಅದೊಂದು ರೂಢಿ ಉಳ್ಕಂಡೈತೆ.

ನೀನು ಕೈ ಕೊಟ್ಟಾಗ ತಣ್ಣಗಿದ್ರೆ ಬ್ಯಾಡ ಅನ್ನಾಣ ಅಂತಲೇ ಹಿಡ್ಕಂಡಿದ್ದು. ಏನೂ ತಿಳೀಲಿಲ್ಲ. ಬೆಳಗಿನ ಹೊತ್ತು ಸೈಕಲ್ಲಾಗೆ ಬಂದೋಳ ಕೈ ಬೆಚ್ಚಗೆ ಇರಾಕೆ ಸಾಧ್ಯ ಇಲ್ಲ ಅಂತ ನಂಗೆ ಗೊತ್ತಿಲ್ವಾ. ನನ್ನ ಕೈಗೆ ಗೊತ್ತಾಗ್ಲಿಲ್ಲ. ಏನೋ ಒಂದು ಹೇಳ್ಬೇಕಿತ್ತು, ಬೆಚ್ಚಗಾಗ್ಯಾವೆ ಅಂದೆ.

ಮೂರು ಸಲ ಅಂತ ನೀನು ಬರ್ದ ಮ್ಯಾಲೆ ಗೊತ್ತಾತು. ಒಂದೇ ಅಂದ್ಕಂಡಿದ್ದೆ.

ಮುರುಗೇಶಪ್ಪ

*

ಹರಿಹರ
27 ಡಿಸೆಂಬರ್, ಶನಿವಾರ

ಅಪ್ಪ,

ನಿನ್ನ ಕಾಗದನ ಲ್ಯಾಬಿನ ಮೆಟ್ಟಿಲ ಮ್ಯಾಗೆ ಕೂತು ಓದಿದೆ. ಪರಶುರಾಮ್ ಬಂದು ಏನೋ ಅನ್ನಾಕೆ ಹೋದ, ನನ್ನ ಮುಖ ನೋಡಿ ಟೀ ತಂದಿಟ್ಟು ಹೋದ.

ರಿಪೋರ್ಟ್ ಬಂದೈತೆ. ಬರೀ ಹೊಟ್ಟೇಲಿ ಇನ್ನೂರ ಎಪ್ಪತ್ತು. ಮೂರು ತಿಂಗಳ ಸರಾಸರಿ ತೋರ್ಸೋದು ಇನ್ನೊಂದೈತೆ, ಆರರ ಒಳಗಿರ್ಬೇಕು, ನಿಂದು ಹನ್ನೊಂದೂವರೆ. ಮೆಷಿನ್ ತಪ್ಪು ಅಂತ ಇನ್ನೊಂದ್ಸಲ ಹಾಕ್ಸಿದೆ. ಹನ್ನೊಂದೂವರೆ. ಮೆಷಿನ್ನಿಗೂ ನಿನ್ನಂಗೆ ಸುಳ್ಳು ಹೇಳಾಕೆ ಕಲಿಸ್ಬೇಕಿತ್ತು.

ನಂಗೆ ಸಿಟ್ಟು ಐತೆ. ಸದ್ಯಕ್ಕೆ ಇಳಿಯಲ್ಲ. ನನ್ನ ಕೈಗೆ ನೀನು ನಾಲ್ಕು ಥರ ಉಪಾಯ ಹುಡುಕ್ದೆ. ಪೇಪರ್, ಎಣ್ಣೆ, ಕಂಬ್ಳಿ, ಉಪ್ಪು. ಹುಡುಕ್ತಾ ಕೂತೋನು ಒಂದ್ಸಲ ನಿನ್ನ ಕೈ ನೀನು ನೋಡ್ಕಬೋದಿತ್ತು. ಮೇಸ್ತ್ರಿ ಸತ್ತು ಎಷ್ಟು ವರ್ಷ ಆತು? ನಾನೇನು ನಿನ್ನ ಕಸ ಗುಡ್ಸಾಕೆ ಹಾಕ್ತೀನಾ?

ಮಂಗಳವಾರ ಮೂವತ್ತನೇ ತಾರೀಕು ದಾವಣಗೆರೇಲಿ ಡಾಕ್ಟರ್ ಹತ್ರ ಹೆಸ್ರು ಬರ್ಸೀನಿ. ನೀನು ಅವ್ವ ಇಬ್ರೂ ಬರ್ರಿ, ಬಸ್ ಸ್ಟ್ಯಾಂಡಿಗೆ ಬಂದು ಕರ್ಕಂಡು ಹೋಗ್ತೀನಿ. ಸತ್ತ ನರ ವಾಪಸ್ ಬರ್ತಾವಾ ಅಂತ ನೀನು ಕೇಳ್ತೀಯ. ಬರಲ್ಲ ಅಂತಾರೆ, ಒಂದೊಂದ್ಸಲ ಒಂಚೂರು ಅಂತಾರೆ. ಇರೋದು ಉಳಿಯುತ್ತೆ, ಸಕ್ಕರೆ ಇಳಿದ್ರೆ. ಹುಬ್ಬಳ್ಳೀಲಿ ಒಂದು ಕೆಲ್ಸ ಐತೆ ಅಂತ ಅವ್ವನ ಹತ್ರ ಅಂದಿದ್ನಲ್ಲ, ಹೋಗಲ್ಲ ಈಗ. ನಿಂಗೋಸ್ಕರ ಅಂತ ಅಂದ್ಕಂಡು ಬೀಗಬ್ಯಾಡ. ಅಲ್ಲೂ ಸೈಕಲ್ಲೇ ಅಂತೆ.

ಇವತ್ತಿಂದ ಬರಿಗಾಲಾಗೆ ಗದ್ದೆಗೆ ಇಳೀಬ್ಯಾಡ. ಸ್ನಾನದ ನೀರು ಅವ್ವನೇ ಮುಟ್ಟಿ ನೋಡಿ ಹುಯ್ಲಿ. ಒಲೆ ಹತ್ರ ಕೈ ಚಾಚ್ಬ್ಯಾಡ. ಗುಂಡಿ ಇಲ್ಲದ ಅಂಗಿ ಎರಡು ತಗಂಡೀನಿ, ತಲೆಯಿಂದ ಹಾಕ್ಕಳೋವು. ಟವೆಲ್ ಸಾಕು ಇನ್ನು. ಮತ್ತೆ ದಿನಾ ಅಂಗಾಲು ನೋಡ್ಬೇಕು, ಗಾಯ, ಮುಳ್ಳು, ಕೆಂಪಗಾಗಿದ್ದು ಏನೈತೆ ಅಂತ. ನಿಂಗೆ ತಿಳಿಯಲ್ಲ, ಏನು ನೋಡ್ಬೇಕು ಅಂತ ಅವ್ವನಿಗೆ ಗೊತ್ತಿಲ್ಲ. ನಾನೇ ನೋಡ್ತೀನಿ. ಕೇಳ್ಸಲ್ಲ ಅಂತ ಶುರು ಮಾಡ್ಬ್ಯಾಡ, ಇದಕ್ಕೆ ಕಿವಿ ಬೇಕಿಲ್ಲ.

ನಾಳೆ ರಾತ್ರಿ ಎಂಟೂಕಾಲಿಗೆ ಅವ್ವನ ಫೋನಿಗೆ ವಿಡಿಯೋ ಕಾಲ್ ಮಾಡ್ತೀನಿ. ಕಾಲು ತೊಳ್ದು ಒರೆಸ್ಕಂಡು ದೀಪದ ಹತ್ರ ಕೂತಿರು. ಮೊದ್ಲು ಅಂಗಾಲು ತೋರ್ಸು, ಮುಖ ಆಮೇಲೆ.

ನಯನಾ